ಕಾಕರ್ ತರೋದಾ, ಕ್ಯಾವಲಿಯರ್ ತರೋದಾ? ಮೊದಲ ಸಲ ಮನೆಗೆ ಸ್ಪ್ಯಾನಿಯಲ್ ತರುವವರಿಗೆ

ಹೋದ ತಿಂಗಳು ಬೆಂಗಳೂರಿನಿಂದ ಅತ್ತಿಗೆ ಫೋನ್ ಮಾಡಿದ್ದರು. ಮಗಳಿಗೆ ಒಂಬತ್ತು ವರ್ಷ, ನಾಯಿಮರಿ ಬೇಕೇ ಬೇಕು ಅಂತ ಹಟ ಹಿಡಿದಿದ್ದಾಳೆ. ಅಣ್ಣನಿಗೆ ದೊಡ್ಡ ನಾಯಿ ಬೇಡ. ಅಮ್ಮ ಅವರ ಜೊತೆಗೇ ಇರುವುದು, ಮಂಡಿ ನೋವು ಬೇರೆ. ಎಲ್ಲಾ ಯೋಚನೆ ಮಾಡಿ ಅತ್ತಿಗೆ ಎರಡು ಫೋಟೋ ಕಳಿಸಿದ್ದರು. ಎರಡೂ ಸ್ಪ್ಯಾನಿಯಲ್, ಅಂದರೆ ಜೋಲು ಕಿವಿಯ, ರೇಷ್ಮೆ ಕೂದಲಿನ ನಾಯಿಗಳು. ಒಂದರಲ್ಲಿ ಹೊಂಬಣ್ಣದ ಕಾಕರ್ ಸ್ಪ್ಯಾನಿಯಲ್. ಇನ್ನೊಂದರಲ್ಲಿ ಬಿಳಿ ಮೈ ಮೇಲೆ ಕಂದು ಮಚ್ಚೆ ಇರುವ ಕ್ಯಾವಲಿಯರ್ ಕಿಂಗ್ ಚಾರ್ಲ್ಸ್ ಸ್ಪ್ಯಾನಿಯಲ್. "ಇದರಲ್ಲಿ ಯಾವುದು ಅಂತ ನೀನೇ ಹೇಳಮ್ಮ" ಅಂದರು.

ನಾನು ಮೈಸೂರಿನಲ್ಲಿ ಹದಿಮೂರು ವರ್ಷ ಒಂದು ಕಾಕರ್ ಸಾಕಿದವಳು. ಅವಳ ಹೆಸರು ಕೆಂಪಿ. ನನ್ನ ತಂಗಿ ಇಂಗ್ಲೆಂಡಿನಲ್ಲಿದ್ದಾಳೆ, ಅವಳ ಮನೆಯಲ್ಲಿ ಬೆಲ್ಲ ಅನ್ನುವ ಕ್ಯಾವಲಿಯರ್ ಇದೆ. ಎರಡೂ ನಾಯಿಗಳ ಕಿವಿ ಒರೆಸಿದ್ದೇನೆ, ಎರಡನ್ನೂ ವಾಕಿಂಗ್ ಕರೆದುಕೊಂಡು ಹೋಗಿದ್ದೇನೆ, ಎರಡಕ್ಕೂ ಹುಷಾರಿಲ್ಲದಾಗ ರಾತ್ರಿ ಎದ್ದು ಕೂತಿದ್ದೇನೆ. ಹಾಗಾಗಿ ಅತ್ತಿಗೆಗೆ ಹೇಳಿದ್ದು ಇಷ್ಟೇ: "ಫೋಟೋ ನೋಡಿ ಹೇಳೋಕೆ ಆಗಲ್ಲ ಅತ್ತಿಗೆ, ನಿಮ್ಮ ಮನೆ ನೋಡಿ ಹೇಳಬೇಕು." ಕಾಕರ್ ನಿಮ್ಮ ಸಮಯ ಕೇಳುತ್ತದೆ, ನಿಮ್ಮ ಕೈ ಕೆಲಸ ಕೇಳುತ್ತದೆ. ಕ್ಯಾವಲಿಯರ್ ಅಷ್ಟು ಕೇಳುವುದಿಲ್ಲ, ಆದರೆ ಹೃದಯದ ಕಾಯಿಲೆಯನ್ನು ರಕ್ತದಲ್ಲೇ ಹೊತ್ತುಕೊಂಡು ಬಂದಿರುವ ಸಾಧ್ಯತೆ ತುಂಬಾ ಜಾಸ್ತಿ. ಮಿಕ್ಕ ವ್ಯತ್ಯಾಸಗಳೆಲ್ಲ ಇದರ ಮುಂದೆ ಚಿಕ್ಕವು.

ಅತ್ತಿಗೆಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಒಂದೊಂದಾಗಿ ಬಿಡಿಸಿ ಬರೆಯುತ್ತಿದ್ದೇನೆ.

1. ಯಾವ ನಾಯಿ ಯಾವ ಕೆಲಸಕ್ಕೆ ಬೆಳೆಸಿದ್ದು ಅಂತ ತಿಳಿದುಕೊಳ್ಳಿ

ಇಂಗ್ಲೆಂಡಿನ ಬೇಟೆಗಾರರು ಪೊದೆಗೆ ನುಗ್ಗಿಸಿ ಹಕ್ಕಿ ಎಬ್ಬಿಸಲು ಬೆಳೆಸಿದ ನಾಯಿ ಕಾಕರ್. ವುಡ್‌ಕಾಕ್ ಅನ್ನುವ ಹಕ್ಕಿಯಿಂದಲೇ ಅದಕ್ಕೆ ಆ ಹೆಸರು. ಇವತ್ತು ಅದು ಬಸವನಗುಡಿಯ ಫ್ಲಾಟಿನಲ್ಲಿದ್ದರೂ ಮೂಗು ಮಾತ್ರ ಆ ಕೆಲಸ ಮರೆತಿಲ್ಲ. ಕೆಂಪಿ ಗೇಟು ದಾಟಿದ ತಕ್ಷಣ ಮೂಗು ನೆಲಕ್ಕೆ ಇಳಿಯುತ್ತಿತ್ತು, ಬಾಲ ಗಿರಗಿರ ಆಡುತ್ತಿತ್ತು. ಬೇಲಿ ಬುಡದಲ್ಲಿ ಪಾರಿವಾಳ ಕಂಡರೆ ಮುಗೀತು, ಹೆಸರು ಹಿಡಿದು ಎಷ್ಟು ಕರೆದರೂ ಕೇಳುತ್ತಿರಲಿಲ್ಲ. ಅದು ಮೊಂಡುತನ ಅಲ್ಲ. ಅವಳ ಅಜ್ಜ ಮುತ್ತಜ್ಜಂದಿರನ್ನು ಆರಿಸಿ ಬೆಳೆಸಿದ್ದೇ ಅದಕ್ಕಾಗಿ.

ತೂಕ ಸುಮಾರು 13ರಿಂದ 14.5 ಕೆಜಿ, ಎತ್ತರ 38ರಿಂದ 41 ಸೆಂಟಿಮೀಟರ್. ಇದು ಇಂಗ್ಲಿಷ್ ಕಾಕರ್ ಲೆಕ್ಕ. ಅಮೆರಿಕನ್ ಕಾಕರ್ ಬೇರೆ ತಳಿ. ಅದರ ಮೂತಿ ಗಿಡ್ಡ, ತಲೆ ಗುಂಡಗೆ, ಕೂದಲು ಇನ್ನೂ ಉದ್ದ. ಅಮೆರಿಕದ ಕೆನಲ್ ಕ್ಲಬ್ (ತಳಿ ನಾಯಿಗಳ ನೋಂದಣಿ ಮಾಡುವ ಸಂಸ್ಥೆ) 1946ರಲ್ಲಿ ಎರಡನ್ನೂ ಬೇರೆ ಬೇರೆ ತಳಿ ಅಂತ ಒಪ್ಪಿಕೊಂಡಿತು. ಮರಿ ಮಾರುವವರು ಎರಡಕ್ಕೂ ಸುಮ್ನೆ "ಕಾಕರ್" ಅಂದುಬಿಡುತ್ತಾರೆ. ಯಾವುದು ಅಂತ ಕೇಳಿ ತಿಳಿದುಕೊಳ್ಳಿ. ಇಲ್ಲಿ ನಾನು ಹೇಳುತ್ತಿರುವುದು ಇಂಗ್ಲಿಷ್ ಕಾಕರ್ ಬಗ್ಗೆ.

ಕ್ಯಾವಲಿಯರ್ ಬೆಳೆದದ್ದು ಅರಮನೆಯ ಮಡಿಲಿನಲ್ಲಿ. ಇಂಗ್ಲೆಂಡಿನ ದೊರೆ ಎರಡನೇ ಚಾರ್ಲ್ಸ್‌ಗೆ ಇಂಥ ಪುಟ್ಟ ಸ್ಪ್ಯಾನಿಯಲ್‌ಗಳೆಂದರೆ ಪ್ರಾಣ. ಆಮೇಲೆ ಬಂದ ಕಾಲದಲ್ಲಿ ಚಪ್ಪಟೆ ಮೂತಿಯ ಫ್ಯಾಷನ್ ಬಂದು ಹಳೆಯ ರೂಪ ಹೆಚ್ಚುಕಡಿಮೆ ಕಾಣೆಯಾಯಿತು. 1926ರಲ್ಲಿ ರೋಸ್ವೆಲ್ ಎಲ್ಡ್ರಿಜ್ ಅನ್ನುವ ಅಮೆರಿಕದವರು ಲಂಡನ್ನಿನ ಕ್ರಫ್ಟ್ಸ್ ನಾಯಿ ಪ್ರದರ್ಶನದಲ್ಲಿ, ಹಳೆಯ ಚಿತ್ರಗಳಲ್ಲಿರುವಂಥ ಉದ್ದ ಮೂತಿಯ ನಾಯಿ ತಂದವರಿಗೆ 25 ಪೌಂಡ್ ಬಹುಮಾನ ಇಟ್ಟರು. ಅಲ್ಲಿಂದ ಈಗಿನ ಕ್ಯಾವಲಿಯರ್ ಶುರು. 1928ರಲ್ಲಿ ಕ್ಲಬ್ ಆಯಿತು, 1945ರಲ್ಲಿ ಬ್ರಿಟನ್ನಿನ ಕೆನಲ್ ಕ್ಲಬ್ ಮನ್ನಣೆ ಕೊಟ್ಟಿತು. ಈ ಕತೆ ಯಾಕೆ ಹೇಳಿದೆ ಅಂದರೆ, ಇಡೀ ತಳಿ ಬೆಳೆದದ್ದು ಕೆಲವೇ ಕೆಲವು ನಾಯಿಗಳಿಂದ. ಆ ಕೆಲವರಲ್ಲಿ ಇದ್ದ ದೋಷ ಎಲ್ಲರಿಗೂ ಹರಡಿತು. ಈ ವಿಷಯಕ್ಕೆ ಆಮೇಲೆ ಬರುತ್ತೇನೆ.

ಕ್ಯಾವಲಿಯರ್ ತೂಕ 5.5ರಿಂದ 8 ಕೆಜಿ ಅಷ್ಟೇ. ಅಮ್ಮನಂಥವರು ಕೂತಲ್ಲೇ ಮಡಿಲಿಗೆ ಎತ್ತಿಕೊಳ್ಳಬಹುದು. ಕಾಕರ್ ಹಾಗಲ್ಲ, ಓಡಿ ಬಂದು ಕಾಲಿಗೆ ಗುದ್ದಿದರೆ ಮಂಡಿ ನೋವಿನವರು ಬೀಳಬಹುದು.

2. ನಾಯಿ ಇಲ್ಲದೇ ಹತ್ತು ದಿನ ವಾಕಿಂಗ್ ಹೋಗಿ

ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಬೆಳಿಗ್ಗೆ ಆರಕ್ಕೆ ಎದ್ದು ಅರ್ಧ ಗಂಟೆ, ಸಂಜೆ ಮತ್ತೆ ಅರ್ಧ ಗಂಟೆ. ಮಳೆ ಬಂದರೂ ಹೋಗಬೇಕು, ಭಾನುವಾರವೂ ಹೋಗಬೇಕು. ಯಾರು ಹೋದರು ಅಂತ ಕ್ಯಾಲೆಂಡರಿನಲ್ಲಿ ಹೆಸರು ಬರೆಯಿರಿ. ಹತ್ತನೇ ದಿನ ನೋಡಿ. ಇಪ್ಪತ್ತರಲ್ಲಿ ಹದಿನೇಳು ಹದಿನೆಂಟು ಸಲ ಯಾರಾದರೂ ಹೋಗಿದ್ದರೆ ನಿಮ್ಮ ಮನೆ ಕಾಕರ್‌ಗೆ ಸರಿ. ಹತ್ತು ಹನ್ನೆರಡು ಸಲ ಅಷ್ಟೇ ಆಗಿದ್ದರೆ ಕಾಕರ್ ಬೇಡ. ಬೆಳೆದ ಕಾಕರ್‌ಗೆ ದಿನಕ್ಕೆ ಒಂದು ಗಂಟೆ ಓಡಾಟ ಬೇಕೇ ಬೇಕು. ಅದು ಸಿಗದಿದ್ದರೆ ಸೋಫಾ ಅಗೆಯುತ್ತದೆ, ಕಿಟಕಿಯಲ್ಲಿ ಕಂಡವರಿಗೆಲ್ಲ ಬೊಗಳುತ್ತದೆ, ದಪ್ಪಗಾಗುತ್ತದೆ.

ಕ್ಯಾವಲಿಯರ್‌ಗೆ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಸಾಕು, ಒಂದು ದಿನ ಕಡಿಮೆಯಾದರೂ ನಡೆಯುತ್ತದೆ. ಆದರೆ ಅದಕ್ಕೆ ಬೇಕಿರುವುದು ಜನ. ಬೆಲ್ಲ ತಂಗಿಯ ಹಿಂದೆ ಬಚ್ಚಲಮನೆ ಬಾಗಿಲ ತನಕ ಹೋಗಿ ಅಲ್ಲೇ ಕೂರುತ್ತಾನೆ. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಒಂಬತ್ತಕ್ಕೆ ಆಫೀಸಿಗೆ ಹೋಗಿ ರಾತ್ರಿ ಏಳಕ್ಕೆ ಬರುವ ಮನೆಗೆ ಕ್ಯಾವಲಿಯರ್ ತರುವುದು ಆ ಪ್ರಾಣಿಗೆ ಮಾಡುವ ಅನ್ಯಾಯ. ಕಾಕರ್‌ಗೂ ಒಂಟಿತನ ತಡೆಯಲು ಆಗುವುದಿಲ್ಲ. ನಾಲ್ಕು ಗಂಟೆಗಿಂತ ಜಾಸ್ತಿ ಹೊತ್ತು ದಿನಾ ಮನೆ ಖಾಲಿ ಇರುತ್ತದೆ ಅಂದರೆ ಈ ಎರಡರಲ್ಲಿ ಯಾವುದೂ ಬೇಡ, ಸದ್ಯಕ್ಕೆ.

3. ಕಿವಿ ಮತ್ತು ಕೂದಲಿನ ಕೆಲಸ ಯಾರದು ಅಂತ ಈಗಲೇ ತೀರ್ಮಾನಿಸಿ

ಕೆಂಪಿಗೆ ಎರಡು ವರ್ಷ ಇದ್ದಾಗ ಒಂದು ಮಳೆಗಾಲದಲ್ಲಿ ಪದೇ ಪದೇ ತಲೆ ಕೊಡವುತ್ತಿದ್ದಳು. ನೊಣ ಇರಬೇಕು ಅಂದುಕೊಂಡೆ. ಮೂರನೇ ದಿನ ಮಡಿಲಿನಲ್ಲಿ ಮಲಗಿದ್ದಾಗ ಕಿವಿ ಮಗುಚಿ ನೋಡಿದೆ. ಹುಳಿ ಬಂದು ಹೆಚ್ಚಾದ ದೋಸೆ ಹಿಟ್ಟಿನ ವಾಸನೆ. ಒಳಗೆ ಕೆಂಪಗೆ ಊದಿಕೊಂಡಿತ್ತು, ಕಂದು ಬಣ್ಣದ ಮೇಣ ತುಂಬಿತ್ತು. ಮುಟ್ಟಿದರೆ ಕುಂಯ್ ಅಂದಳು. ಯೀಸ್ಟ್ ಸೋಂಕು. ವಾಸಿಯಾಗಲು ಮೂರು ವಾರ ಹಿಡಿಯಿತು.

ಸ್ಪ್ಯಾನಿಯಲ್ ಕಿವಿ ಮುಚ್ಚಿದ ಡಬ್ಬಿ ಇದ್ದ ಹಾಗೆ. ಉದ್ದ, ಭಾರ, ಒಳಗೂ ಕೂದಲು. ಗಾಳಿ ಆಡುವುದಿಲ್ಲ, ತೇವ ಆರುವುದಿಲ್ಲ. ಕಾಕರ್‌ನಲ್ಲಿ ಇದು ಕ್ಯಾವಲಿಯರ್‌ಗಿಂತ ಜಾಸ್ತಿ ಕಾಡುತ್ತದೆ. ಮಾಡಬೇಕಾದದ್ದು ಕಷ್ಟವೇನಲ್ಲ, ಬಿಡದೇ ಮಾಡಬೇಕು ಅಷ್ಟೇ. ವಾರಕ್ಕೆ ಎರಡು ಸಲ ಕಿವಿ ಮಗುಚಿ ನೋಡಿ, ಮೂಸಿ. ವಾರಕ್ಕೊಮ್ಮೆ ಡಾಕ್ಟರು ಕೊಟ್ಟ ಕಿವಿ ತೊಳೆಯುವ ದ್ರವ ಹಾಕಿ, ಬುಡವನ್ನು ಹೊರಗಿನಿಂದ ಮೆತ್ತಗೆ ಹಿಸುಕಿ, ಹೊರಗೆ ಬಂದದ್ದನ್ನು ಹತ್ತಿಯಲ್ಲಿ ಒರೆಸಿ. ಬಡ್ಸ್ ಒಳಗೆ ಹಾಕಲೇಬೇಡಿ. ಮನೆಯ ಹಿರಿಯರು ಪ್ರೀತಿಯಿಂದಲೇ ಬಿಸಿ ಕೊಬ್ಬರಿ ಎಣ್ಣೆ ಬಿಡೋಣ ಅನ್ನುತ್ತಾರೆ. ಬೇಡ. ತೇವದ ಜಾಗಕ್ಕೆ ಎಣ್ಣೆ ಸೇರಿದರೆ ಇನ್ನೂ ಕೆಡುತ್ತದೆ. ಸ್ನಾನ ಆದಮೇಲೆ ಕಿವಿ ಪೂರ್ತಿ ಒಣಗಿಸಿ. ನೀರಿಗೆ, ಊಟಕ್ಕೆ ಬಾಯಿ ಕಿರಿದಾದ ಆಳದ ಪಾತ್ರೆ ಇಡಿ. ಮೂತಿ ಒಳಗೆ ಹೋಗುತ್ತದೆ, ಕಿವಿ ಹೊರಗೆ ಉಳಿಯುತ್ತದೆ. ಅಗಲ ತಟ್ಟೆಯಲ್ಲಿ ಮೊಸರನ್ನ ಹಾಕಿದರೆ ಎರಡೂ ಕಿವಿ ಮೊಸರಾಗಿರುತ್ತದೆ, ಆಮೇಲೆ ಇರುವೆ.

ಕೂದಲಿಗೆ ಬರೋಣ. ಕಾಕರ್‌ಗೆ ವಾರಕ್ಕೆ ಮೂರು ನಾಲ್ಕು ಸಲ ಬಾಚಬೇಕು, ಆರರಿಂದ ಎಂಟು ವಾರಕ್ಕೊಮ್ಮೆ ಗ್ರೂಮಿಂಗ್, ಅಂದರೆ ಕೂದಲು ಕತ್ತರಿಸಿ ಓರಣ ಮಾಡಿಸಬೇಕು. ಕಂಕುಳು, ಕಿವಿಯ ಹಿಂದೆ, ಬೆರಳ ಸಂದಿ, ಇಲ್ಲೆಲ್ಲ ಗಂಟು ಕಟ್ಟುತ್ತದೆ. ಒಂದು ಬೇಸಿಗೆಯಲ್ಲಿ ಸೆಕೆ ಅಂತ ಕೆಂಪಿಯನ್ನು ಒಂದು ಅಂಗಡಿಗೆ ಬಿಟ್ಟು ಬಂದೆ. ಸಂಜೆ ಹೋದಾಗ ಮೆಷಿನ್ನಿನಲ್ಲಿ ಬೆನ್ನೆಲ್ಲ ಚರ್ಮ ಕಾಣುವ ತನಕ ಬೋಳಿಸಿದ್ದರು. ಮತ್ತೆ ಬಂದ ಕೂದಲು ಮೊದಲಿನಂತೆ ರೇಷ್ಮೆಯಾಗಿ ಬರಲಿಲ್ಲ, ಉಣ್ಣೆಯಂತೆ ಮುದ್ದೆ ಮುದ್ದೆಯಾಗಿ ಬಂತು. ಬೆನ್ನಿನ ಕೂದಲು ಬಿಸಿಲನ್ನೂ ತಡೆಯುತ್ತದೆ. ಹೊಟ್ಟೆ, ಕಾಲು, ಕಿವಿಯ ಒಳಗಡೆ ಗಿಡ್ಡ ಮಾಡಿಸಿ, ಬೆನ್ನು ಬೋಳಿಸಬೇಡಿ ಅಂತ ಬಾಯಿ ಬಿಟ್ಟು ಹೇಳಿ. ಸಂತಾನಹರಣ ಆಪರೇಷನ್ ಆದ ಸ್ಪ್ಯಾನಿಯಲ್‌ಗಳಲ್ಲೂ ಕೂದಲು ಹೀಗೆ ಉಣ್ಣೆಯಂತಾಗುವುದುಂಟು, ಅದಕ್ಕೆ ಹೆದರಬೇಡಿ.

ಕ್ಯಾವಲಿಯರ್‌ಗೆ ಕತ್ತರಿಸುವ ಕೆಲಸ ಕಡಿಮೆ. ವಾರಕ್ಕೆ ಮೂರು ಸಲ ಬಾಚಿದರೆ, ಪಾದದ ಕೂದಲು ಗಿಡ್ಡ ಮಾಡಿದರೆ ಸಾಕು. ಕೂದಲು ಉದುರುವುದು ಮಾತ್ರ ಎರಡರಲ್ಲೂ ಇದೆ. ಕಪ್ಪು ಪ್ಯಾಂಟಿನ ಮೇಲೆ ಬಿಳಿ ಕೂದಲು ಸಹಿಸದವರು ಮೊದಲೇ ಯೋಚಿಸಿ.

4. ಕ್ಯಾವಲಿಯರ್ ಅಂದರೆ ಮೊದಲು ಹೃದಯದ ಬಗ್ಗೆ ಕೇಳಿ

ಹೃದಯದ ಎಡಗಡೆ ಮೈಟ್ರಲ್ ಕವಾಟ ಅಂತ ಒಂದು ಇದೆ. ಬಾಗಿಲ ಹಾಗೆ ಮುಚ್ಚಿ ತೆರೆದು ರಕ್ತ ಮುಂದಕ್ಕೆ ಕಳಿಸುತ್ತದೆ. ಅದು ದಪ್ಪಗಾಗಿ ಸರಿಯಾಗಿ ಮುಚ್ಚದೇ ಹೋದರೆ ರಕ್ತ ಹಿಂದಕ್ಕೆ ಸೋರುತ್ತದೆ. ಡಾಕ್ಟರು ಸ್ಟೆತಾಸ್ಕೋಪ್ ಇಟ್ಟಾಗ ಗೊರಗೊರ ಶಬ್ದ ಕೇಳುತ್ತದೆ. ಬೇರೆ ತಳಿಗಳಲ್ಲಿ ಇದು ಮುಪ್ಪಿನ ಕಾಯಿಲೆ. ಕ್ಯಾವಲಿಯರ್‌ಗಳಲ್ಲಿ ಐದು ವರ್ಷದ ಹೊತ್ತಿಗೇ ಸುಮಾರು ಅರ್ಧದಷ್ಟು ನಾಯಿಗಳಿಗೆ ಈ ಶಬ್ದ ಬಂದಿರುತ್ತದೆ. ಹತ್ತು ವರ್ಷ ದಾಟಿದವುಗಳಲ್ಲಿ ಹೆಚ್ಚುಕಡಿಮೆ ಎಲ್ಲಕ್ಕೂ ಇರುತ್ತದೆ. ಈ ತಳಿಯ ನಾಯಿಗಳು ಸಾಯುವುದಕ್ಕೆ ಮುಖ್ಯ ಕಾರಣವೇ ಇದು.

ಬೆಲ್ಲನಿಗೆ ಆರನೇ ವರ್ಷದಲ್ಲಿ ಶಬ್ದ ಕೇಳಿಸಿತು. ಈಗ ಅವನಿಗೆ ಒಂಬತ್ತು. ತಂಗಿ ಪ್ರತಿ ರಾತ್ರಿ ಒಂದು ಕೆಲಸ ಮಾಡುತ್ತಾಳೆ. ಅವನು ಗಾಢ ನಿದ್ದೆಗೆ ಹೋದಮೇಲೆ ಪಕ್ಕದಲ್ಲಿ ಕೂತು, ಫೋನಿನಲ್ಲಿ ಒಂದು ನಿಮಿಷ ಟೈಮರ್ ಇಟ್ಟು, ಪಕ್ಕೆ ಏಳುವುದನ್ನು ಎಣಿಸುತ್ತಾಳೆ. ಹದಿನೆಂಟು, ಇಪ್ಪತ್ತು, ಇಪ್ಪತ್ತೆರಡು. ಫ್ರಿಜ್ ಮೇಲಿನ ಹಾಳೆಯಲ್ಲಿ ಬರೆದಿಡುತ್ತಾಳೆ. ಮಲಗಿದ ನಾಯಿಯ ಉಸಿರು ನಿಮಿಷಕ್ಕೆ 30 ದಾಟುತ್ತಾ ಇದ್ದರೆ ಶ್ವಾಸಕೋಶದಲ್ಲಿ ನೀರು ಸೇರುತ್ತಿರಬಹುದು, ತಡ ಮಾಡದೆ ಡಾಕ್ಟರ ಹತ್ತಿರ ಓಡಬೇಕು. ಕಳೆದ ಚಳಿಗಾಲದಲ್ಲಿ ನಾನು ಅಲ್ಲಿದ್ದಾಗ ಒಂದು ರಾತ್ರಿ ಎಣಿಕೆ 34 ಬಂತು. ತಂಗಿ ಏನೂ ಮಾತಾಡದೆ ಮತ್ತೆ ಮೊದಲಿನಿಂದ ಎಣಿಸಿದಳು. ಅವನು ಕನಸು ಕಾಣುತ್ತಿದ್ದ ಅಷ್ಟೇ. ಎರಡನೇ ಸಲ 21. ಆಗ ಅವಳ ಮುಖ ನೋಡಿದ್ದೆ. ಕ್ಯಾವಲಿಯರ್ ಸಾಕುವುದು ಅಂದರೆ ಇದೂ ಸೇರಿದೆ.

ಔಷಧಿ ಇದೆ. ಹೃದಯ ದೊಡ್ಡದಾಗಿದೆ ಅಂತ ಸ್ಕ್ಯಾನಿನಲ್ಲಿ ಕಂಡಾಗಲೇ ಪಿಮೊಬೆಂಡಾನ್ ಮಾತ್ರೆ ಶುರು ಮಾಡಿದರೆ ಹೃದಯ ಸೋಲುವುದು ಸರಾಸರಿ 15 ತಿಂಗಳು ಮುಂದಕ್ಕೆ ಹೋಗುತ್ತದೆ ಅಂತ 2016ರಲ್ಲಿ ಬಂದ ದೊಡ್ಡ ಅಧ್ಯಯನ ತೋರಿಸಿತು. ಆದರೆ ಅದು ಬದುಕಿರುವ ತನಕ ದಿನಾ ಎರಡು ಹೊತ್ತು ಕೊಡಬೇಕಾದ ಮಾತ್ರೆ, ಜೊತೆಗೆ ಆಗಾಗ ಹೃದಯದ ಎಕೋ ಸ್ಕ್ಯಾನ್.

ಇನ್ನೊಂದು ತೊಂದರೆ ತಲೆಯದು. ತಲೆಬುರುಡೆಯ ಹಿಂಭಾಗ ಚಿಕ್ಕದಾಗಿ ಮಿದುಳಿಗೆ ಜಾಗ ಸಾಲದೆ, ಬೆನ್ನುಹುರಿಯಲ್ಲಿ ನೀರಿನ ಗುಳ್ಳೆಗಳಾಗುತ್ತವೆ. ಇದಕ್ಕೆ ಸಿರಿಂಗೊಮೈಲಿಯಾ ಅನ್ನುತ್ತಾರೆ. ನಡೆಯುತ್ತಾ ನಡೆಯುತ್ತಾ ನಾಯಿ ಕತ್ತಿನ ಹತ್ತಿರ ಗಾಳಿಯನ್ನೇ ಕೆರೆಯುತ್ತದೆ, ಎತ್ತಿಕೊಂಡಾಗ ಕಿರುಚುತ್ತದೆ. ನಾರ್ವೆಯಲ್ಲಿ ಪ್ರಾಣಿದಯಾ ಸಂಘಟನೆಯೊಂದು ಇದೇ ಕಾಯಿಲೆಗಳನ್ನು ಮುಂದಿಟ್ಟು ಕೋರ್ಟಿಗೆ ಹೋಯಿತು. 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಕ್ಯಾವಲಿಯರ್ ಜೊತೆ ಕ್ಯಾವಲಿಯರ್ ಸೇರಿಸಿ ಮರಿ ಮಾಡಿಸುವುದು ಆ ದೇಶದ ಪ್ರಾಣಿ ಕಲ್ಯಾಣ ಕಾನೂನಿಗೆ ವಿರುದ್ಧ ಅಂತ ತೀರ್ಪು ಕೊಟ್ಟಿತು.

ಹಾಗಾದರೆ ಕಾಕರ್‌ಗೆ ಏನೂ ಇಲ್ಲವಾ? ಇದೆ. ಕಣ್ಣಿನ ಪರದೆ ನಿಧಾನವಾಗಿ ಕೆಡುವ ಕಾಯಿಲೆ, ಚಿಕ್ಕ ವಯಸ್ಸಿನಲ್ಲೇ ಕಿಡ್ನಿ ಸೋಲುವ ಕಾಯಿಲೆ, ಇವೆರಡೂ ವಂಶದಲ್ಲಿ ಬರುತ್ತವೆ. ಆದರೆ ಎರಡಕ್ಕೂ ಡಿಎನ್‌ಎ ಟೆಸ್ಟ್ ಇದೆ. ತಂದೆ ತಾಯಿಯನ್ನು ಒಮ್ಮೆ ಟೆಸ್ಟ್ ಮಾಡಿಸಿದರೆ ಆ ಮರಿಗೆ ಬರುತ್ತದೋ ಇಲ್ಲವೋ ಹೇಳಬಹುದು. ಕ್ಯಾವಲಿಯರ್ ಹೃದಯಕ್ಕೆ ಅಷ್ಟು ಸುಲಭದ ಟೆಸ್ಟ್ ಇಲ್ಲ. ನನ್ನ ಮಟ್ಟಿಗೆ ದೊಡ್ಡ ವ್ಯತ್ಯಾಸ ಇದೇ. ಕಾಕರ್ ಸಾಮಾನ್ಯವಾಗಿ 12ರಿಂದ 14 ವರ್ಷ ಇರುತ್ತದೆ, ಕ್ಯಾವಲಿಯರ್ 10ರಿಂದ 12ರ ಆಸುಪಾಸು.

5. ನಿಮ್ಮ ಊರಿನ ಬಿಸಿಲು, ಮಳೆ, ಉಣುಗು

ಎರಡೂ ಚಳಿ ದೇಶದ ನಾಯಿಗಳು. ಮಡಿಕೇರಿ, ಚಿಕ್ಕಮಗಳೂರು, ಬೆಂಗಳೂರಿನಲ್ಲಿ ಹೇಗೋ ಹೊಂದಿಕೊಳ್ಳುತ್ತವೆ. ಕಲಬುರಗಿ, ರಾಯಚೂರಿನ ಏಪ್ರಿಲ್‌ನಲ್ಲಿ ಇಡೀ ಹಗಲು ತಂಪಾದ ಕೋಣೆ ಇಲ್ಲದಿದ್ದರೆ ತರಬೇಡಿ. ಕ್ಯಾವಲಿಯರ್ ಮೂತಿ ಕಾಕರ್‌ಗಿಂತ ಗಿಡ್ಡ, ಹಾಗಾಗಿ ಸೆಕೆಗೆ ಬೇಗ ಏದುಸಿರು ಬರುತ್ತದೆ. ಬೇಸಿಗೆಯಲ್ಲಿ ಬೆಳಿಗ್ಗೆ ಏಳರ ಒಳಗೆ, ಸಂಜೆ ಆರರ ಮೇಲೆ ವಾಕಿಂಗ್. ರಸ್ತೆಗೆ ಅಂಗೈ ಹಿಂಭಾಗ ಇಟ್ಟು ಐದು ಸೆಕೆಂಡ್ ತಡೆಯಲು ಆಗದಿದ್ದರೆ ನಾಯಿಯ ಪಾದಕ್ಕೂ ಆಗದು.

ಉಣುಗು ನಮ್ಮ ಕಡೆ ವರ್ಷವಿಡೀ ಇರುವ ಶತ್ರು. ಉದ್ದ ಕೂದಲಿನೊಳಗೆ ಕಾಣುವುದೇ ಇಲ್ಲ. ಕಿವಿಯ ಮಡಿಕೆ, ಬೆರಳ ಸಂದಿ, ಬಾಲದ ಬುಡ, ದಿನಾ ಬೆರಳಾಡಿಸಿ ಹುಡುಕಿ. ಉಣುಗಿನಿಂದ ಬರುವ ಜ್ವರದಲ್ಲಿ ನಾಯಿ ಊಟ ಬಿಡುತ್ತದೆ, ಒಸಡು ಬಿಳಿಚಿಕೊಳ್ಳುತ್ತದೆ, ಕೆಲವೊಮ್ಮೆ ಮೂಗಿನಲ್ಲಿ ರಕ್ತ ಬರುತ್ತದೆ. ನಾಳೆ ನೋಡೋಣ ಅನ್ನಬೇಡಿ, ಅವತ್ತೇ ರಕ್ತ ಪರೀಕ್ಷೆ ಮಾಡಿಸಿ. ಉಣುಗು ತಡೆಯುವ ಮಾತ್ರೆ ಅಥವಾ ಬೆನ್ನಿಗೆ ಹಚ್ಚುವ ಔಷಧಿಯನ್ನು ಡಾಕ್ಟರ ಹತ್ತಿರ ಕೇಳಿ, ತಿಂಗಳು ತಪ್ಪಿಸದೆ ಕೊಡಿ.

ಅಪಾರ್ಟ್‌ಮೆಂಟಿನವರಿಗೆ ಒಂದು ಮಾತು. ನಾಯಿ ಸಾಕಬಾರದು, ಲಿಫ್ಟಿನಲ್ಲಿ ತರಬಾರದು ಅಂತ ಸಂಘದವರು ನಿಯಮ ಮಾಡುವಂತಿಲ್ಲ, ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಇದನ್ನು ಹೇಳುತ್ತದೆ. ಆದರೆ ಕಕ್ಕ ಎತ್ತುವುದು ನಮ್ಮ ಕೆಲಸ, ಚೈನು ಹಿಡಿಯುವುದು ನಮ್ಮ ಕೆಲಸ.

6. ಮಕ್ಕಳ ಜೊತೆ

ಕ್ಯಾವಲಿಯರ್‌ಗೆ ಕೋಪ ಕಡಿಮೆ. ಐದು ವರ್ಷದ ಮಗು ಪಕ್ಕದಲ್ಲಿ ಕೂತು ಬಾಚಿದರೂ ಕಣ್ಣು ಮುಚ್ಚಿಕೊಂಡು ಮಲಗಿರುತ್ತದೆ. ಚಿಕ್ಕ ನಾಯಿ ಆದ್ದರಿಂದ ಎತ್ತಿ ಬೀಳಿಸುವ ಭಯವೇ ಜಾಸ್ತಿ. ನೆಲದ ಮೇಲೆ ಕೂತೇ ಮುದ್ದಿಸಬೇಕು ಅಂತ ಮಕ್ಕಳಿಗೆ ಮೊದಲ ದಿನವೇ ಹೇಳಿ.

ಕಾಕರ್ ಆಟಕ್ಕೆ ಎತ್ತಿದ ಕೈ. ಚೆಂಡು ಎಸೆದರೆ ನೂರು ಸಲ ತಂದುಕೊಡುತ್ತದೆ. ಎಂಟು ಹತ್ತು ವರ್ಷದ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಜೊತೆ ಇಲ್ಲ. ಆದರೆ ಬಾಯಿಗೆ ಸಿಕ್ಕಿದ್ದನ್ನು ಬಿಟ್ಟುಕೊಡದೆ ಗುರ್ ಅನ್ನುವ ಗುಣ ಕೆಲವು ಕಾಕರ್‌ಗಳಲ್ಲಿ ಇದೆ. ಕೆಂಪಿಗೂ ಇತ್ತು. ಒಂದು ಸಲ ಕಾಲುಚೀಲ ಕಿತ್ತುಕೊಳ್ಳಲು ಹೋಗಿ ನನ್ನ ಗಂಡ ಬೆರಳಿಗೆ ಹಲ್ಲು ತಾಗಿಸಿಕೊಂಡರು. ಆಮೇಲೆ ನಾವು ಕಿತ್ತುಕೊಳ್ಳುವುದು ಬಿಟ್ಟೆವು, ಬದಲಾಯಿಸಿಕೊಳ್ಳುವುದು ಕಲಿತೆವು. ಬಾಯಲ್ಲಿ ಏನಾದರೂ ಇದ್ದರೆ ಮೂಗಿನ ಮುಂದೆ ಬೇಯಿಸಿದ ಕೋಳಿಯ ಒಂದು ಚೂರು ಹಿಡಿಯಿರಿ. ಬಾಯಿ ಬಿಟ್ಟಾಗ "ಕೊಡು" ಅನ್ನಿ, ಚೂರು ಕೊಡಿ, ಮತ್ತೆ ಆ ವಸ್ತುವನ್ನೇ ವಾಪಸ್ ಕೊಡಿ. ಮರಿ ಇದ್ದಾಗ ದಿನಕ್ಕೆ ಐದು ಸಲ ಈ ಆಟ ಆಡಿದರೆ ಗುರ್ ಅನ್ನುವ ಅಭ್ಯಾಸ ಬೇರೂರುವುದಿಲ್ಲ. ನಾಯಿ ಊಟ ಮಾಡುವಾಗ ಮಕ್ಕಳು ಹತ್ತಿರ ಹೋಗಬಾರದು. ಇದು ಎರಡೂ ತಳಿಗೆ.

7. ಮರಿ ಎಲ್ಲಿಂದ ತರಬೇಕು

ಕೆಂಪಿಯನ್ನು ತಂದಾಗ ನನಗೆ ಏನೂ ಗೊತ್ತಿರಲಿಲ್ಲ. ಮಾರುವವರು ಒಂದು ಹೋಟೆಲ್ ಮುಂದೆ ಬನ್ನಿ ಅಂದರು, ರಟ್ಟಿನ ಪೆಟ್ಟಿಗೆಯಲ್ಲಿ ಮರಿ ಕೊಟ್ಟು ಹೋದರು. ಅವಳಿಗೆ ಆಗ 38 ದಿನ. ತಾಯಿಯ ಜೊತೆ, ಒಡಹುಟ್ಟಿದ ಮರಿಗಳ ಜೊತೆ ಇನ್ನೂ ಮೂರು ವಾರ ಇದ್ದಿದ್ದರೆ ಎಷ್ಟು ಕಚ್ಚಿದರೆ ನೋವಾಗುತ್ತದೆ ಅಂತ ಅಲ್ಲೇ ಕಲಿಯುತ್ತಿದ್ದಳು. ಅದನ್ನು ನಮ್ಮ ಕೈ ಮೇಲೆ ಕಲಿತಳು.

2017ರ ನಾಯಿ ಸಂತಾನ ಮತ್ತು ಮಾರಾಟ ನಿಯಮದ ಪ್ರಕಾರ ಎಂಟು ವಾರ ತುಂಬದ ಮರಿ ಮಾರುವಂತಿಲ್ಲ. ಬ್ರೀಡರ್, ಅಂದರೆ ಮರಿ ಮಾಡಿಸಿ ಮಾರುವವರು, ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. ನೋಂದಣಿ ನಂಬರ್ ಕೇಳಿ. ಕೊಡಲು ಹಿಂದೆ ಮುಂದೆ ನೋಡಿದರೆ ಅಲ್ಲಿಂದ ಬಂದುಬಿಡಿ. ಹುಟ್ಟಿದ ಜಾಗಕ್ಕೇ ಹೋಗಿ ನೋಡಿ. ತಾಯಿಯನ್ನು ಕಣ್ಣಾರೆ ನೋಡಿ, ಅವಳ ಹತ್ತಿರ ಕೂತುಕೊಳ್ಳಿ. ತಾಯಿ ಮೂಲೆಗೆ ಮುದುಡಿಕೊಂಡರೆ, ಗುರ್ ಅಂದರೆ, ಮರಿ ಎಷ್ಟೇ ಮುದ್ದಾಗಿರಲಿ ಬೇಡ. ಕೆಸಿಐ (ಕೆನಲ್ ಕ್ಲಬ್ ಆಫ್ ಇಂಡಿಯಾ) ಸರ್ಟಿಫಿಕೇಟ್ ಇದೆ ಅಂದರೆ ವಂಶ ಗೊತ್ತಿದೆ ಅಂತ ಅರ್ಥ, ಆರೋಗ್ಯ ಚೆನ್ನಾಗಿದೆ ಅಂತ ಅಲ್ಲ.

ಕಾಕರ್ ಆದರೆ ತಂದೆ ತಾಯಿಯ ಕಣ್ಣು ಮತ್ತು ಕಿಡ್ನಿಯ ಡಿಎನ್‌ಎ ರಿಪೋರ್ಟ್ ಕೇಳಿ. ಕ್ಯಾವಲಿಯರ್ ಆದರೆ ಇನ್ನೂ ಗಟ್ಟಿಯಾಗಿ ಕೇಳಬೇಕು. ತಂದೆ ತಾಯಿ ಇಬ್ಬರಿಗೂ ಎರಡೂವರೆ ವರ್ಷ ದಾಟಿರಬೇಕು, ಹೃದಯ ಪರೀಕ್ಷೆಯಲ್ಲಿ ಶಬ್ದ ಇರಬಾರದು. ಅಜ್ಜ ಅಜ್ಜಿ ನಾಯಿಗಳಿಗೆ ಐದು ವರ್ಷದ ತನಕ ಶಬ್ದ ಬಂದಿರಬಾರದು. ಬ್ರಿಟನ್ನಿನಲ್ಲಿ 2012ರಿಂದ ತಲೆಯ ಎಂಆರ್‌ಐ ಮಾಡಿಸಿ ಅಂಕ ಕೊಡುವ ಪದ್ಧತಿಯೂ ಇದೆ. ತಂಗಿಯ ಹಾಗೆ ಅಲ್ಲಿರುವ ಕನ್ನಡದವರು ಆ ಕಾಗದ ಇಲ್ಲದೆ ಮರಿ ಮುಟ್ಟಬೇಡಿ. ಇಲ್ಲಿ ಕ್ಯಾವಲಿಯರ್ ವಿರಳ, ಬೆಲೆಯೂ ಮೇಲೆ. 2016ರಲ್ಲಿ ಸಂತಾನಕ್ಕಾಗಿ ವಿದೇಶಿ ನಾಯಿ ತರಿಸುವುದಕ್ಕೆ ಕೇಂದ್ರ ಸರ್ಕಾರ ಕಡಿವಾಣ ಹಾಕಿತು. ಇರುವ ಕೆಲವೇ ನಾಯಿಗಳಲ್ಲೇ ಮರಿ ಮಾಡಿಸಿದರೆ ರಕ್ತ ಇನ್ನೂ ಹತ್ತಿರವಾಗುತ್ತದೆ ಅಲ್ವಾ?

ದತ್ತು ತೆಗೆದುಕೊಳ್ಳುವ ದಾರಿಯನ್ನು ಮರೆಯಬೇಡಿ. ಬೆಂಗಳೂರಿನ ಕ್ಯೂಪಾದಂಥ (CUPA) ಪ್ರಾಣಿರಕ್ಷಣೆಯ ಸಂಸ್ಥೆಗಳಿಗೆ ಜನ ಬಿಟ್ಟುಹೋದ ತಳಿ ನಾಯಿಗಳೂ ಬರುತ್ತವೆ. ಮೂರು ನಾಲ್ಕು ವರ್ಷದ ಕಾಕರ್ ಸಿಕ್ಕರೆ ಮೊದಲ ಸಲ ಸಾಕುವವರಿಗೆ ಅದು ವರ. ಉಚ್ಚೆ ಮಾಡುವ ಜಾಗ ಕಲಿತಿರುತ್ತದೆ, ಹಲ್ಲು ಬರುವ ಕಾಲ ಮುಗಿದಿರುತ್ತದೆ, ಗುಣ ಏನು ಅಂತ ಕಣ್ಣಿಗೆ ಕಾಣುತ್ತದೆ.

8. ತೀರ್ಮಾನ

ಎದ್ದು ಓಡಾಡುವ ಮನೆ, ಏಳು ವರ್ಷ ದಾಟಿದ ಮಕ್ಕಳು, ವಾರಕ್ಕೆ ನಾಲ್ಕು ಸಲ ಬಾಚಣಿಗೆ ಹಿಡಿಯುವ ಒಬ್ಬರು ಇದ್ದರೆ ಕಾಕರ್ ತನ್ನಿ. ಕರ್ನಾಟಕದಲ್ಲಿರುವ ಹೆಚ್ಚಿನ ಕುಟುಂಬಗಳಿಗೆ ನಾನು ಹೇಳುವುದು ಇದನ್ನೇ.

ಹಗಲು ಯಾವಾಗಲೂ ಯಾರಾದರೂ ಮನೆಯಲ್ಲಿದ್ದು, ಹೆಚ್ಚು ನಡೆಯಲು ಆಗದವರಾಗಿದ್ದು, ಹೃದಯದ ಚಿಕಿತ್ಸೆಗೆ ಅಂತ ಮೊದಲ ತಿಂಗಳಿಂದಲೇ ದುಡ್ಡು ಎತ್ತಿಡಲು ಆಗುವುದಾದರೆ, ಅದರ ಮೇಲೆ ಹೃದಯ ಪರೀಕ್ಷೆಯ ಕಾಗದ ಕೈಗೆ ಸಿಕ್ಕಿದರೆ, ಕ್ಯಾವಲಿಯರ್. ಕಾಗದ ಇಲ್ಲ ಅಂದರೆ ಬೇಡ. ಇದರಲ್ಲಿ ನಾನು ರಾಜಿ ಮಾಡಿಕೊಳ್ಳಲಾರೆ, ಯಾಕೆಂದರೆ ಬೆಲ್ಲನ ಉಸಿರು ಎಣಿಸಿದ್ದೇನೆ.

ಅತ್ತಿಗೆ ಮನೆಯಲ್ಲಿ ಹತ್ತು ದಿನದ ವಾಕಿಂಗ್ ನಡೆಯಿತು. ಇಪ್ಪತ್ತಕ್ಕೆ ಹದಿನೇಳು, ಹೆಚ್ಚಿನವು ಅಣ್ಣನ ಹೆಸರಿನಲ್ಲಿ. ಕಾಕರ್ ಅಂತ ಆಯಿತು, ಮರಿ ಅಲ್ಲ, ನಾಲ್ಕು ವರ್ಷದ ಹೆಣ್ಣು ನಾಯಿ. ಅಮ್ಮನ ಕಾಲಿಗೆ ಅಡ್ಡ ಬರಬಾರದು ಅಂತ ಅವರ ಕೋಣೆಯ ಬಾಗಿಲಿಗೆ ಚಿಕ್ಕ ಅಡ್ಡಗಟ್ಟೆ ಹಾಕಿಸಿದ್ದಾರೆ.

9. ಮನೆಗೆ ತರುವ ದಿನ

ಶುಕ್ರವಾರ ಸಂಜೆ ತನ್ನಿ, ಎರಡು ದಿನ ಎಲ್ಲರೂ ಮನೆಯಲ್ಲಿರುತ್ತೀರಿ. ಮರಿಯಾದರೆ ತಾಯಿ ಮಲಗಿದ್ದ ಬಟ್ಟೆಯ ಒಂದು ತುಂಡು ಕೇಳಿ ತನ್ನಿ, ಅದು ತಿನ್ನುತ್ತಿದ್ದ ಆಹಾರವನ್ನೇ ಒಂದು ವಾರ ಕೊಡಿ. ಅದೇ ವಾರ ಡಾಕ್ಟರಿಗೆ ತೋರಿಸಿ. ಪಾರ್ವೋ, ಡಿಸ್ಟೆಂಪರ್ ಅನ್ನುವ ಪ್ರಾಣಕ್ಕೇ ಕುತ್ತು ತರುವ ಸೋಂಕುಗಳ ಲಸಿಕೆ ಆರರಿಂದ ಎಂಟು ವಾರಕ್ಕೆ ಶುರುವಾಗಿ, ಮೂರು ನಾಲ್ಕು ವಾರಕ್ಕೊಮ್ಮೆ ಹದಿನಾರು ವಾರದ ತನಕ ನಡೆಯುತ್ತದೆ. ಮೂರು ತಿಂಗಳಿಗೆ ರೇಬೀಸ್ ಲಸಿಕೆ. ಲಸಿಕೆ ಮುಗಿಯುವ ತನಕ ಬೀದಿಯಲ್ಲಿ ನೆಲಕ್ಕೆ ಬಿಡಬೇಡಿ, ಆದರೆ ಎತ್ತಿಕೊಂಡು ಹೊರಗೆ ಹೋಗಿ. ಆಟೋ ಶಬ್ದ, ಕುಕ್ಕರ್ ಸೀಟಿ, ಹೆಲ್ಮೆಟ್ ಹಾಕಿದವರು, ಕೋಲು ಹಿಡಿದ ಅಜ್ಜ, ಎಲ್ಲವನ್ನೂ ಹದಿನಾಲ್ಕು ವಾರದ ಒಳಗೆ ತೋರಿಸಿದರೆ ಆಮೇಲೆ ಹೆದರುವುದು ಕಡಿಮೆ.

ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟ್ ಕೊಡಬಾರದು. ಪಾಯಸದ ಒಣದ್ರಾಕ್ಷಿ ಕೂಡ ವಿಷವೇ. ಇದನ್ನು ಬರೆದು ಅಡುಗೆಮನೆ ಬಾಗಿಲಿಗೆ ಅಂಟಿಸಿ, ಬಂದ ನೆಂಟರಿಗೂ ಕಾಣಲಿ.

ಮೊದಲ ರಾತ್ರಿ ಅಳುತ್ತದೆ. ಬೇರೆ ಕೋಣೆಯಲ್ಲಿ ಬಾಗಿಲು ಹಾಕಬೇಡಿ. ಮಂಚದ ಪಕ್ಕದಲ್ಲೇ ಪೆಟ್ಟಿಗೆ ಇಟ್ಟು, ತಾಯಿಯ ವಾಸನೆಯ ಬಟ್ಟೆ ಒಳಗೆ ಹಾಕಿ, ಒಂದು ಕೈ ಕೆಳಗೆ ಇಳಿಬಿಟ್ಟು ಮಲಗಿ. ರಾತ್ರಿ ಎರಡು ಗಂಟೆಯ ಹೊತ್ತಿಗೆ ಒಮ್ಮೆ ಎತ್ತಿಕೊಂಡು ಹೊರಗೆ ಹೋಗಿ. ಉಚ್ಚೆ ಮಾಡಿದ ತಕ್ಷಣ ಮೆಲ್ಲಗೆ ಬೆನ್ನು ಸವರಿ, ಮತ್ತೆ ತಂದು ಮಲಗಿಸಿ.